ಶಾಲೆಯಲ್ಲಿ ಎಚ್‌ಪಿವಿ ಲಸಿಕೆ: ಸೂಜಿಗೆ ಅರ್ಧ ನಿಮಿಷ, ತಯಾರಿಗೆ ಐದು ವಾರ

ಪ್ರಶ್ನೆ: ನಾನು ಶಾಲೆಯೊಂದರಲ್ಲಿ ಟೀಚರ್, ವಯಸ್ಸು 42. ನಮ್ಮಲ್ಲಿ ಇದೇ ಮೊದಲ ಸಲ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುತ್ತಾರಂತೆ. ಅದರ ಹೊಣೆ ನನ್ನ ತಲೆಗೆ ಬಂದಿದೆ. ಆರೋಗ್ಯ ಇಲಾಖೆಯವರು ಬರಲು ಇನ್ನೂ ಐದಾರು ವಾರ ಇದೆ, ಆಗಲೇ ಪೋಷಕರ ಫೋನ್ ಶುರುವಾಗಿದೆ. ಇಷ್ಟು ಚಿಕ್ಕವರಿಗೆ ಯಾಕೆ, ಮುಂದೆ ಮಕ್ಕಳಾಗಲ್ವಂತೆ ಹೌದಾ, ಹುಡುಗರಿಗೆ ಯಾಕಿಲ್ಲ ಅಂತೆಲ್ಲ ಕೇಳುತ್ತಾರೆ. ನನಗೇ ಸರಿಯಾಗಿ ಗೊತ್ತಿಲ್ಲ. ಆ ದಿನ ಯಾರಾದರೂ ತಲೆ ತಿರುಗಿ ಬಿದ್ದರೆ ಅನ್ನೋ ಭಯ ಬೇರೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಭಯ ಇದೆ ಅಂತ ಬರೆದಿದ್ದೀರಲ್ಲ, ಒಳ್ಳೆಯದೇ ಆಯಿತು. ಭಯ ಇಲ್ಲದವರು ತಯಾರಿ ಮಾಡಿಕೊಳ್ಳುವುದಿಲ್ಲ. ಶಾಲೆಗಳಿಗೆ ಹೋಗಿ ಲಸಿಕೆ ಹಾಕುವ ತಂಡಗಳ ಜೊತೆ ನಾನು ಬಹಳ ವರ್ಷ ಓಡಾಡಿದ್ದೇನೆ. ಲಸಿಕೆಯಿಂದಾಗಿ ಕಾರ್ಯಕ್ರಮ ಕೆಟ್ಟಿದ್ದನ್ನು ಒಂದು ಸಲವೂ ನೋಡಿಲ್ಲ. ಕೆಟ್ಟಿದ್ದೆಲ್ಲ ಒಂದೋ ಪೋಷಕರ ಜೊತೆ ಮೊದಲೇ ಮಾತಾಡದೆ ಇದ್ದದ್ದಕ್ಕೆ, ಇಲ್ಲ ಆ ದಿನ ಬೆಂಚು ಹಾಕಿದ ರೀತಿಗೆ. ಬೆಂಚಿನ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನಿಮಗೆ ಗೊತ್ತಿರಬೇಕಾದಷ್ಟು ವಿಷಯ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಅನ್ನುತ್ತಾರಲ್ಲ ಅದು, ಹೆಚ್ಚುಕಮ್ಮಿ ಎಲ್ಲವೂ ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುವಂಥದ್ದು. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಬರೀ ನರಹುಲಿ ಎಬ್ಬಿಸಿ ಸುಮ್ಮನಾಗುತ್ತವೆ. 16 ಮತ್ತು 18 ಅನ್ನುವ ಎರಡೇ ಬಗೆಗಳು ಸೇರಿಕೊಂಡು ಈ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಕಾರಣವಾಗಿವೆ. ವೈರಸ್ ತಗುಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರ ಮೈ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಓಡಿಸುತ್ತದೆ. ಕೆಲವರಲ್ಲಿ ಅದು ಹೋಗದೆ ಅಲ್ಲೇ ಕೂತು, ಸದ್ದಿಲ್ಲದೆ ಹದಿನೈದಿಪ್ಪತ್ತು ವರ್ಷ ಕೆಲಸ ಮಾಡಿ, ಕೊನೆಗೆ ಮಕ್ಕಳನ್ನು ಓದಿಸುತ್ತಿರುವ ವಯಸ್ಸಿನ ತಾಯಂದಿರನ್ನು ಹಿಡಿಯುತ್ತದೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 3.5 ಲಕ್ಷ ಮಂದಿ ತೀರಿಕೊಂಡರು.

ಲಸಿಕೆಯೊಳಗೆ ಇರುವುದು ವೈರಸ್ ಅಲ್ಲ, ಅದರ ಹೊರಗಿನ ಕವಚದ ಪ್ರೋಟೀನ್ ಮಾತ್ರ. ಲಕೋಟೆ ಇದೆ, ಒಳಗೆ ಕಾಗದ ಇಲ್ಲ ಅಂದುಕೊಳ್ಳಿ. ಆ ಲಕೋಟೆಯನ್ನು ನೋಡಿ ಮೈ ಗುರುತು ಇಟ್ಟುಕೊಳ್ಳುತ್ತದೆ, ಮುಂದೆ ನಿಜವಾದದ್ದು ಬಂದಾಗ ಬಾಗಿಲಲ್ಲೇ ತಡೆಯುತ್ತದೆ. ಅದರಲ್ಲಿ ಸೋಂಕು ತರುವಂಥ ವಸ್ತುವೇ ಇಲ್ಲ, ಹಾಗಾಗಿ ಲಸಿಕೆಯಿಂದಲೇ ರೋಗ ಬರುವ ಪ್ರಶ್ನೆ ಬರುವುದಿಲ್ಲ.

ಇನ್ನು "ಇಷ್ಟು ಚಿಕ್ಕವರಿಗೆ ಯಾಕೆ". ಈ ಪ್ರಶ್ನೆ ನಿಮಗೆ ಇನ್ನೂ ನೂರು ಸಲ ಬರುತ್ತದೆ, ಉತ್ತರ ಬಾಯಿಗೆ ಬರುವ ಹಾಗೆ ಇಟ್ಟುಕೊಳ್ಳಿ. ವೈರಸ್ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಒಮ್ಮೆ ಒಳಗೆ ಬಂದ ಮೇಲೆ ಲಸಿಕೆ ಅದನ್ನು ಹೊರಗೆ ಹಾಕುವುದಿಲ್ಲ. ಸೂರು ಹೊದಿಸುವುದು ಮಳೆಗೆ ಮುಂಚೆ ತಾನೇ? ಅದಲ್ಲದೆ 9ರಿಂದ 14ರ ವಯಸ್ಸಿನ ಮಕ್ಕಳ ಮೈ ಈ ಲಸಿಕೆಗೆ ದೊಡ್ಡವರಿಗಿಂತ ಜೋರಾಗಿ ಸ್ಪಂದಿಸುತ್ತದೆ. ಇಂಗ್ಲೆಂಡಿನ ಲೆಕ್ಕ 2021ರಲ್ಲಿ ಹೊರಬಂತು, ಅದನ್ನು ಸಭೆಯಲ್ಲಿ ಹಾಗೇ ಹೇಳಿಬಿಡಿ. 12-13ರಲ್ಲಿ ಹಾಕಿಸಿಕೊಳ್ಳುವ ಅವಕಾಶ ಸಿಕ್ಕಿದ ತಲೆಮಾರಿನಲ್ಲಿ ಈ ಕ್ಯಾನ್ಸರ್ 87 ಶೇಕಡಾ ಕಡಿಮೆಯಾಗಿತ್ತು. 14ರಿಂದ 16ರಲ್ಲಿ ಸಿಕ್ಕಿದವರಲ್ಲಿ 62, 16ರಿಂದ 18ರಲ್ಲಿ ಸಿಕ್ಕಿದವರಲ್ಲಿ ಬರೀ 34. ಅದೇ ಲಸಿಕೆ, ಅದೇ ದೇಶ, ನಾಲ್ಕೈದು ವರ್ಷ ತಡ ಅಷ್ಟೇ. ಸ್ಕಾಟ್ಲೆಂಡಿನಲ್ಲಿ 2008ರಿಂದ ಶಾಲೆಯಲ್ಲಿ ಹಾಕುತ್ತಿದ್ದಾರೆ. 12-13ರಲ್ಲೇ ಪೂರ್ತಿ ಡೋಸ್ ತೆಗೆದುಕೊಂಡ ಹುಡುಗಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲ ಅಂತ 2024ರಲ್ಲಿ ಪ್ರಕಟಿಸಿದರು. ಒಬ್ಬರಿಗೂ! ನಮ್ಮ ಕೆಲಸದಲ್ಲಿ ಸೊನ್ನೆ ಅನ್ನುವ ಅಂಕಿ ನೋಡಲು ಸಿಗುವುದು ಅಪರೂಪ.

ಪೋಷಕರ ಸಭೆಯಲ್ಲಿ ನಾನು ಕ್ಯಾನ್ಸರ್‌ನಿಂದ ಮಾತು ಶುರು ಮಾಡುತ್ತೇನೆ, ಹೇಗೆ ಹರಡುತ್ತದೆ ಅನ್ನುವುದರಿಂದ ಅಲ್ಲ. ಆದರೆ ಕೇಳಿದರೆ ಮುಚ್ಚಿಡುವುದಿಲ್ಲ. ಮುಚ್ಚಿಟ್ಟಿದ್ದು ಮಾರನೇ ದಿನ ಯಾರದೋ ಫೋನಿನಲ್ಲಿ ಕೈಕಾಲು ಬೆಳೆದು ಬರುತ್ತದೆ. ಒಂದು ಸಭೆಯಲ್ಲಿ ತಂದೆಯೊಬ್ಬರು ಎದ್ದು ನಿಂತು "ನನ್ನ ಮಗಳು ಅಂಥವಳಲ್ಲ ಡಾಕ್ಟರೇ" ಅಂದರು. ಸಭೆ ಗಪ್‌ಚುಪ್. ನಾನು ಅಂದೆ, "ಅಲ್ಲ ಸಾರ್, ಯಾರ ಮಗಳೂ ಅಂಥವಳಲ್ಲ. ಇವತ್ತಲ್ಲ ನಾಳೆ ಅವಳಿಗೂ ಒಂದು ಸಂಸಾರ ಅಂತ ಆಗುತ್ತಲ್ವಾ? ಅವಳು ಒಬ್ಬನೇ ಗಂಡನ ಜೊತೆ ಬಾಳಿದರೂ ಈ ವೈರಸ್ ಬರಬಹುದು. ಇದು ನಡತೆಯ ರೋಗ ಅಲ್ಲ, ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗಲುವಂಥದ್ದು." ಅವರು ಕೂತರು. ಒಪ್ಪಿದರೋ ಇಲ್ಲವೋ ಆವಾಗ ಗೊತ್ತಾಗಲಿಲ್ಲ, ಸಹಿ ಹಾಕಿದ ಫಾರಂ ಮಾತ್ರ ಮೂರನೇ ದಿನ ಬಂತು. ಲಸಿಕೆ ಹಾಕಿದರೆ ಮಕ್ಕಳು ದಾರಿ ತಪ್ಪುತ್ತಾರೆ ಅನ್ನುವ ಮಾತೂ ಬರಬಹುದು. ಅದನ್ನೂ ಹಲವು ದೇಶಗಳಲ್ಲಿ ಅಳೆದು ನೋಡಿದ್ದಾರೆ, ಹಾಕಿಸಿಕೊಂಡವರ ನಡವಳಿಕೆಯಲ್ಲಿ ಅಂಥ ಬದಲಾವಣೆ ಕಂಡಿಲ್ಲ.

ಮಕ್ಕಳಾಗಲ್ವಂತೆ ಅನ್ನುವುದು ಸುಳ್ಳು. ನೇರವಾಗಿ ಸುಳ್ಳು ಅಂತಲೇ ಹೇಳಿ, ಎಳೆದಾಡಬೇಡಿ. ಡೆನ್ಮಾರ್ಕಿನಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಹುಡುಗಿಯರ ದಾಖಲೆ ಇಟ್ಟುಕೊಂಡು, ಅಂಡಾಶಯ ಬೇಗ ಸೋಲುವ ತೊಂದರೆಗೂ ಲಸಿಕೆಗೂ ನಂಟಿದೆಯಾ ಅಂತ ನೋಡಿದರು. ನಂಟು ಸಿಗಲಿಲ್ಲ. ಇನ್ನೊಂದು ಮಾತನ್ನು ನಾನು ತಾಯಂದಿರಿಗೆ ತಪ್ಪದೆ ಹೇಳುತ್ತೇನೆ. ಗರ್ಭಕೋಶ ತೆಗೆಸಬೇಕಾಗಿ ಬರುವುದು ಲಸಿಕೆಯಿಂದಲ್ಲ, ಆ ಕ್ಯಾನ್ಸರ್‌ನಿಂದ.

ಗಾಳಿಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಅನ್ನುವುದಕ್ಕೆ ಜಪಾನ್ ನೋಡಿ. 2013ರ ಏಪ್ರಿಲ್‌ನಲ್ಲಿ ಈ ಲಸಿಕೆಯನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಅಡ್ಡಪರಿಣಾಮ ಅಂತ ಟಿವಿಯಲ್ಲಿ ಗಲಾಟೆ ಎದ್ದಿದ್ದೇ, ಜೂನ್‌ನಲ್ಲಿ ಸರ್ಕಾರ "ಹಾಕಿಸಿಕೊಳ್ಳಿ" ಅಂತ ಹೇಳುವುದನ್ನೇ ನಿಲ್ಲಿಸಿತು. ಲಸಿಕೆ ಇತ್ತು, ಪುಕ್ಕಟೆಯಾಗಿಯೇ ಇತ್ತು, ಹೇಳುವವರು ಮಾತ್ರ ಇರಲಿಲ್ಲ. 70 ಶೇಕಡಾ ಇದ್ದ ಲಸಿಕೆ ಪ್ರಮಾಣ ಒಂದಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಬಾಯಿ ಬಿಟ್ಟು ಹೇಳಲು ಶುರು ಮಾಡಿದ್ದು 2022ರಲ್ಲಿ. ನಡುವೆ ತಪ್ಪಿಹೋದ ಆ ಹುಡುಗಿಯರಲ್ಲಿ ಮುಂದೆ ಸುಮಾರು 5,000 ಸಾವು ಹೆಚ್ಚಾಗಬಹುದು ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಐರ್ಲೆಂಡಿನಲ್ಲೂ ಹೀಗೇ ಆಗಿತ್ತು, 87 ಶೇಕಡಾದಿಂದ 50ರ ಆಸುಪಾಸಿಗೆ ಬಿತ್ತು. ಅಲ್ಲಿ ಅದನ್ನು ಎತ್ತಿ ನಿಲ್ಲಿಸುವಲ್ಲಿ ಲಾರಾ ಬ್ರೆನನ್ ಅನ್ನುವ ಯುವತಿಯ ಪಾಲು ದೊಡ್ಡದು. ಇದೇ ಕ್ಯಾನ್ಸರ್ ಬಂದಿದ್ದ ಆಕೆ 2019ರಲ್ಲಿ ತೀರಿಕೊಳ್ಳುವ ತನಕ ನಿಮ್ಮ ಹೆಣ್ಣುಮಕ್ಕಳಿಗೆ ಹಾಕಿಸಿ ಅಂತ ಕೇಳಿಕೊಳ್ಳುತ್ತಲೇ ಇದ್ದರು.

ಹುಡುಗರಿಗೆ ಯಾಕಿಲ್ಲ? ಕೊಟ್ಟರೆ ಅವರಿಗೂ ಒಳ್ಳೆಯದೇ. ಗಂಟಲು, ಗುದದ್ವಾರದ ಕೆಲವು ಕ್ಯಾನ್ಸರ್‌ಗಳಿಗೂ ಇದೇ ವೈರಸ್ ಕಾರಣ. 2007ರಲ್ಲಿ ಹುಡುಗಿಯರಿಗೆ ಶುರು ಮಾಡಿದ ಆಸ್ಟ್ರೇಲಿಯಾ 2013ರಲ್ಲಿ ಹುಡುಗರನ್ನೂ ಸೇರಿಸಿತು. ಆದರೆ ಇರುವ ಡೋಸ್ ಲೆಕ್ಕದ್ದಾದಾಗ ಮೊದಲು ಹೆಚ್ಚು ಅಪಾಯ ಇರುವವರಿಗೆ. ಹುಡುಗಿಯರಲ್ಲಿ ಜಾಸ್ತಿ ಮಂದಿ ತೆಗೆದುಕೊಂಡರೆ ವೈರಸ್ ಓಡಾಡುವುದೇ ಕಡಿಮೆಯಾಗಿ ಹುಡುಗರಿಗೂ ಅಷ್ಟಿಷ್ಟು ರಕ್ಷಣೆ ಸಿಗುತ್ತದೆ. ಇಷ್ಟು ಹೇಳಿದರೆ ಸಾಕು. ಒಂದು ಕೆಲಸ ಮಾತ್ರ ಮಾಡಿ, ತರಗತಿಯಲ್ಲಿ ಹುಡುಗರಿಗೂ ವಿಷಯ ತಿಳಿಸಿ. ಏನು ನಡೀತಿದೆ ಅಂತ ಗೊತ್ತಿಲ್ಲದ ಹುಡುಗರು ಕಿಟಕಿಯಲ್ಲಿ ನಿಂತು ಕಿಚಾಯಿಸುತ್ತಾರೆ, ಅಷ್ಟಕ್ಕೇ ಹೆಣ್ಣುಮಕ್ಕಳು ಆ ದಿನ ರಜೆ ಹಾಕುತ್ತಾರೆ.

ಡೋಸ್ ಎಷ್ಟು ಅನ್ನುವುದನ್ನು ನಿಮ್ಮ ಇಲಾಖೆ ಹೇಳುತ್ತದೆ. ಮೊದಲು ಮೂರು ಇತ್ತು, ಆಮೇಲೆ ಎರಡಾಯಿತು. ಈ ವಯಸ್ಸಿನ ಆರೋಗ್ಯವಂತ ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹೇಳಿತು. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಎರಡಾದರೂ ಬೇಕು, ಸಾಧ್ಯವಾದರೆ ಮೂರು.

ಈ ಒಂದು ಡೋಸಿನ ಹಿಂದೆ ಒಂದು ಕಥೆ ಇದೆ, ಅದು ನಿಮ್ಮ ಕೈಯಲ್ಲಿರುವ ಒಪ್ಪಿಗೆ ಫಾರಂಗೂ ಸಂಬಂಧಪಟ್ಟದ್ದು. 2009ರಲ್ಲಿ ಭಾರತದಲ್ಲಿ ಆಂಧ್ರಪ್ರದೇಶ, ಗುಜರಾತ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಈ ಲಸಿಕೆಯ ಪ್ರಾಯೋಗಿಕ ಕಾರ್ಯಕ್ರಮ ನಡೆಯಿತು. ಆ ಅವಧಿಯಲ್ಲಿ ಏಳು ಹುಡುಗಿಯರು ಸತ್ತರು. ತನಿಖೆಯಲ್ಲಿ ನೋಡಿದರೆ ಹಾವು ಕಚ್ಚಿದ್ದು, ವಿಷ ಕುಡಿದದ್ದು, ನೀರಲ್ಲಿ ಮುಳುಗಿದ್ದು, ಮಲೇರಿಯಾ, ಇಂಥ ಕಾರಣಗಳು. ಲಸಿಕೆಗೆ ನಂಟು ಸಿಗಲಿಲ್ಲ. ಆದರೆ ಅಷ್ಟರಲ್ಲಿ ಇನ್ನೊಂದು ಹುಳುಕು ಬಯಲಾಗಿತ್ತು. ಎಷ್ಟೋ ಫಾರಂಗಳಲ್ಲಿ ಅಪ್ಪ ಅಮ್ಮನ ಸಹಿಯೇ ಇರಲಿಲ್ಲ, ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಎಲ್ಲ ನಿಂತಿತು, 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಬರೆಯಿತು. ಲಸಿಕೆ ಬಚಾವಾಯಿತು, ಸಹಿ ಸಿಕ್ಕಿಬಿತ್ತು. ಇದಕ್ಕೆ ಸಂಬಂಧವೇ ಇಲ್ಲದ, ಎರಡು ಡೋಸ್ ಸಾಕಾ ಮೂರು ಬೇಕಾ ಅಂತ ನೋಡುತ್ತಿದ್ದ ಇನ್ನೊಂದು ಅಧ್ಯಯನವೂ ಅದೇ ಏಟಿಗೆ ನಿಂತುಹೋಯಿತು. ಅದರಲ್ಲಿ ಸುಮಾರು 5,000 ಹುಡುಗಿಯರು ಒಂದೇ ಡೋಸಿಗೆ ಉಳಿದುಬಿಟ್ಟರು. ಸಂಶೋಧಕರು ಕೈಬಿಡದೆ ಅವರನ್ನು ಹತ್ತು ವರ್ಷ ಹಿಂಬಾಲಿಸಿದರು. 16 ಮತ್ತು 18ನೇ ಬಗೆಯ ವೈರಸ್‌ನ ಬಿಡದ ಸೋಂಕಿನಿಂದ ಅವರಿಗೆ ಸಿಕ್ಕಿದ ರಕ್ಷಣೆ 95 ಶೇಕಡಾ, ಎರಡು ಮೂರು ತೆಗೆದುಕೊಂಡವರಿಗೆ ಸಿಕ್ಕಿದಷ್ಟೇ! ಒಂದು ಡೋಸ್ ಸಾಕು ಅನ್ನುವ ಮಾತಿಗೆ ಇವತ್ತು ಇರುವ ದೊಡ್ಡ ಆಧಾರಗಳಲ್ಲಿ ಇದೂ ಒಂದು.

ಹಾಗಾಗಿ ಫಾರಂ ವಿಷಯದಲ್ಲಿ ಹಟ ಹಿಡಿಯಿರಿ ಮೇಡಂ. ನಾಲ್ಕು ವಾರ ಮುಂಚೆ ಮನೆಗೆ ಹೋಗಬೇಕು, ಪರೀಕ್ಷೆಯ ವಾರದಲ್ಲಿ ಬೇಡ. "ಒಪ್ಪಿಗೆ ಇದೆ", "ಇಲ್ಲ" ಇವೆರಡರ ಜೊತೆ "ಮಾತಾಡಬೇಕು" ಅಂತ ಮೂರನೇ ಖಾನೆ ಇರಲಿ. ಆ ಖಾನೆಗೆ ಗುರುತು ಹಾಕಿದವರೇ ನಿಮ್ಮ ನಿಜವಾದ ಕೆಲಸ, ಅವರಿಗೆ ನೀವೇ ಫೋನ್ ಮಾಡಿ. ಓದಲು ಬಾರದ ಪೋಷಕರಿಗೆ ಓದಿ ಹೇಳಿ. ಮಕ್ಕಳಿಗೂ ಹೇಳಿ, ತೋಳು ಅವರದ್ದಲ್ವಾ. ಮತ್ತೆ ಬಂದ ಫಾರಂಗಳನ್ನು ಸುಮ್ನೆ ಎಣಿಸಿ ಕಟ್ಟಿಡಬೇಡಿ, ಒಂದೊಂದಾಗಿ ನೋಡಿ. ಒಂದು ಶಾಲೆಯಲ್ಲಿ ಹನ್ನೊಂದು ಅಪ್ಪಂದಿರ ಸಹಿ ಒಂದೇ ನೇರಳೆ ಜೆಲ್ ಪೆನ್ನಿನಲ್ಲಿತ್ತು, ಎಲ್ಲರೂ ಕೊನೆಗೆ ಒಂದೇ ಥರ ಸುಳಿ ಹಾಕಿ ಕೆಳಗೆ ಎರಡು ಚುಕ್ಕಿ ಇಟ್ಟಿದ್ದರು. ಹಿಂದಿನ ಬೆಂಚಿನ ಹುಡುಗಿ ಗೆಳತಿಯರಿಗೆಲ್ಲ ಉಪಕಾರ ಮಾಡಿದ್ದಳು. ನಗು ಬಂತು, ಆದರೆ ಆ ಹನ್ನೊಂದು ಮಂದಿಗೆ ಅವತ್ತು ಲಸಿಕೆ ಹಾಕಲಿಲ್ಲ. ಫಾರಂಗಳನ್ನು ವಾಪಸ್ ಮನೆಗೆ ಕಳಿಸಿದೆವು, ಒಂಬತ್ತು ಸರಿಯಾದ ಸಹಿಯೊಂದಿಗೆ ಬಂದವು.

ಫಾರಂನಲ್ಲೇ ಆರೋಗ್ಯದ ಪ್ರಶ್ನೆಗಳೂ ಇರುತ್ತವೆ. ಹಿಂದೆ ಯಾವುದಾದರೂ ಲಸಿಕೆಗೆ ಜೋರಾದ ಅಲರ್ಜಿ ಆಗಿತ್ತಾ, ಈಗ ಜಾಸ್ತಿ ಜ್ವರ ಇದೆಯಾ, ಇಂಥವು. ಹೌದು ಅಂದವರ ಹೆಸರನ್ನು ಬೇರೆ ಬರೆದು ತಂಡದ ಡಾಕ್ಟರಿಗೆ ಕೊಡಿ, ನೀವು ತೀರ್ಮಾನ ಮಾಡಲು ಹೋಗಬೇಡಿ. ಸಣ್ಣ ನೆಗಡಿ ಇದ್ದರೆ ಹಾಕಬಹುದು. ಮುಟ್ಟಾಗಿದ್ದರೂ ಹಾಕಬಹುದು. ಇದನ್ನು ಹಿಂದಿನ ದಿನವೇ ಹುಡುಗಿಯರಿಗೆ ಹೇಳಿಬಿಡಿ, ಇಲ್ಲದಿದ್ದರೆ ಅವರು ಕೇಳುವುದೂ ಇಲ್ಲ, ಬರುವುದೂ ಇಲ್ಲ.

ಈಗ ಬೆಂಚು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿ ನಾವು ವರಾಂಡದಲ್ಲೇ ಮೇಜು ಹಾಕಿದ್ದೆವು, ಗಾಳಿ ಚೆನ್ನಾಗಿ ಬರುತ್ತೆ ಅಂತ. ಮೇಜಿನ ಎದುರಿಗೇ ಉದ್ದಕ್ಕೆ ಬೆಂಚು, ಅದರ ಮೇಲೆ ಅರವತ್ತು ಹುಡುಗಿಯರು. ಪ್ರತಿ ಸೂಜಿಯನ್ನೂ ಅರವತ್ತು ಜೊತೆ ಕಣ್ಣು ನೋಡುತ್ತಿದ್ದವು. ಎಂಟನೆಯವಳು ಬೆಳಗ್ಗೆ ಏನೂ ತಿಂದಿರಲಿಲ್ಲ. ಚುಚ್ಚಿಸಿಕೊಂಡು ಎದ್ದು ನಾಲ್ಕು ಹೆಜ್ಜೆ ಹಾಕಿದಳು, ಮುಖ ಬಿಳಿಚಿಕೊಂಡಿತು, ಕಂಬ ಹಿಡಿಯಲು ಹೋಗಿ ಕೈ ಜಾರಿ ಬಿದ್ದಳು. ಹಣೆ ನೆಲಕ್ಕೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಎರಡೇ ನಿಮಿಷದಲ್ಲಿ ಎದ್ದು ಕೂತು ನೀರು ಕೇಳಿದಳು. ಆದರೆ ಬೆಂಚಿನ ಮೇಲೆ ಇನ್ನೂ ಸೂಜಿಯನ್ನೇ ಮುಟ್ಟದ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ವಾಲತೊಡಗಿದರು. ಕೈಕಾಲು ಜೋಮು, ಉಸಿರು ಕಟ್ಟಿದ ಹಾಗೆ, ಅಳು. ಒಂಬತ್ತು ಮಂದಿ. ಗೇಟಿನ ಹತ್ತಿರ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು. ಅವತ್ತು ಉಳಿದವರಿಗೆ ಹಾಕಲು ಆಗಲಿಲ್ಲ, ಆ ಶಾಲೆಗೆ ಮತ್ತೆ ಕಾಲಿಡಲು ಎರಡು ವರ್ಷ ಹಿಡಿಯಿತು. ತಪ್ಪು ನಮ್ಮದೇ.

ಕೊಲಂಬಿಯಾದ ಎಲ್ ಕಾರ್ಮೆನ್ ದೆ ಬೊಲಿವಾರ್ ಅನ್ನುವ ಊರಿನಲ್ಲಿ 2014ರಲ್ಲಿ ಹೀಗೆ ನೂರಾರು ಹುಡುಗಿಯರು ಆಸ್ಪತ್ರೆ ಸೇರಿದರು. ವಿಡಿಯೊಗಳು ದೇಶವೆಲ್ಲ ಸುತ್ತಿದವು. ಲಸಿಕೆಯಲ್ಲಿ ದೋಷ ಇಲ್ಲ, ಇದು ಗುಂಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವ ಆತಂಕ ಅಂತ ತನಿಖೆ ಹೇಳಿತು. ಕೇಳುವವರು ಯಾರು? 80 ಶೇಕಡಾ ದಾಟಿದ್ದ ಲಸಿಕೆ ಪ್ರಮಾಣ ಎರಡು ವರ್ಷದಲ್ಲಿ ಹದಿನೈದಕ್ಕಿಂತ ಕೆಳಗೆ ಹೋಯಿತು. ಒಂದು ಮಾತು, ಆ ಹುಡುಗಿಯರು ನಾಟಕ ಮಾಡುತ್ತಾರೆ ಅಂತ ದಯವಿಟ್ಟು ಯಾರೂ ಅನ್ನದಿರಲಿ. ಜೋಮು ನಿಜ, ಉಸಿರು ಕಟ್ಟುವುದೂ ನಿಜ. ಕಾರಣ ಬಾಟಲಿಯೊಳಗೆ ಇಲ್ಲ, ಅಷ್ಟೇ.

ಹಾಗಾಗಿ ಮೂರು ಕೋಣೆ ಕೇಳಿ, ಹೆಡ್‌ಮಾಸ್ಟರ್ ಬೇಡ ಅಂದರೂ ಬಿಡಬೇಡಿ. ಒಂದರಲ್ಲಿ ಕಾಯುವುದು, ಒಂದರಲ್ಲಿ ಹಾಕುವುದು, ಒಂದರಲ್ಲಿ ಕೂರುವುದು. ಕಾಯುವವರಿಗೆ ಸೂಜಿ ಕಾಣಬಾರದು, ಹಾಕಿಸಿಕೊಂಡವರು ಬೇರೆ ಬಾಗಿಲಿನಿಂದ ಹೋಗಬೇಕು. ಇಡೀ ತರಗತಿಯನ್ನು ಒಟ್ಟಿಗೆ ತರಬೇಡಿ, ಹತ್ತತ್ತು ಮಂದಿ ಬರಲಿ. ತಿಂದು ಬಂದಿದ್ದಾರಾ ಅಂತ ಬೆಳಗ್ಗೆಯೇ ಕೇಳಿ. ಸೂಜಿಗೆ ಹೆದರುವವರನ್ನು ಕೊನೆಗೆ ಇಡಬೇಡಿ, ಕಾದಷ್ಟೂ ಭಯ ಬಲಿಯುತ್ತದೆ. ಅವರನ್ನು ಮೊದಲೇ ಕರೆದು ಮಲಗಿಸಿಯೇ ಹಾಕಬಹುದು. ಹಾಕಿದ ಮೇಲೆ ಹದಿನೈದು ನಿಮಿಷ ಕೂರಲೇಬೇಕು, ಗಡಿಯಾರ ನೋಡಿ, ಅಂದಾಜಿಗೆ ಬೇಡ. ಮೂರನೇ ಕೋಣೆಯಲ್ಲಿ ನೆಲಕ್ಕೆ ಚಾಪೆ ಹಾಸಿಡಿ, ಮಕ್ಕಳಿಗೆ ಪರಿಚಯ ಇರುವ ಒಬ್ಬ ಟೀಚರ್ ಅಲ್ಲಿ ಹರಟುತ್ತಾ ಕೂರಲಿ.

ಯಾರಾದರೂ ಬಿಳಿಚಿಕೊಂಡರೆ ಕುರ್ಚಿಯಿಂದ ಇಳಿಸಿ ಮಲಗಿಸಿ, ಕಾಲು ಸ್ವಲ್ಪ ಎತ್ತಿ. ಸುತ್ತ ಗುಂಪು ಸೇರಲು ಬಿಡಬೇಡಿ. ಬರೀ ತಲೆಸುತ್ತಾದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ. ಮೈಮೇಲೆ ದದ್ದು ಎದ್ದರೆ, ತುಟಿ ಮುಖ ಊದಿದರೆ, ಉಸಿರಾಟ ಸುಯ್‌ಗುಟ್ಟಿದರೆ, ಮಲಗಿಸಿದರೂ ಸುಧಾರಿಸದಿದ್ದರೆ ಅದು ಬೇರೆ, ತಕ್ಷಣ ನರ್ಸನ್ನು ಕೂಗಿ. ಇಂಥ ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಸುಮಾರು ಎರಡು. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ತಂಡದ ಕೈಯಲ್ಲಿ ಇರಲೇಬೇಕು. ಶುರು ಮಾಡುವ ಮುಂಚೆ "ಕಿಟ್ ತೋರಿಸಿ" ಅಂತ ಧಾರಾಳವಾಗಿ ಕೇಳಿ, ಒಳ್ಳೆಯ ತಂಡದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನುಳಿದದ್ದು ತೋಳು ನೋವು, ಸ್ವಲ್ಪ ಜ್ವರ, ತಲೆನೋವು, ಒಂದೆರಡು ದಿನ. ಇದನ್ನು ಪೋಷಕರಿಗೆ ಮೊದಲೇ ಹೇಳಿದರೆ ರಾತ್ರಿ ಫೋನ್ ಬರುವುದಿಲ್ಲ.

ಲಸಿಕೆ ಇಡುವ ಡಬ್ಬಿಯನ್ನು ಮುಟ್ಟಬೇಡಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಕೆಡುತ್ತದೆ. ಯಾರೋ ಒಳ್ಳೆ ಮನಸ್ಸಿನಿಂದ ಸ್ಟಾಫ್ ರೂಮಿನ ಫ್ರಿಜ್ಜಿನಲ್ಲಿ ಐಸ್ ಹಾಕುವ ಕಡೆ ಇಟ್ಟು, ಒಂದು ದಿನದ ಲಸಿಕೆಯನ್ನೆಲ್ಲ ಎಸೆದದ್ದೂ ಉಂಟು.

ಶಾಲೆಯಲ್ಲೇ ಯಾಕೆ, ಆಸ್ಪತ್ರೆಗೆ ಬಂದು ಹಾಕಿಸಿಕೊಳ್ಳಲಿ ಅನ್ನುವವರು ಸಿಗುತ್ತಾರೆ. ಭೂತಾನ್ 2010ರಲ್ಲಿ ಶಾಲೆಗಳಲ್ಲಿ ಶುರು ಮಾಡಿ 90 ಶೇಕಡಾ ದಾಟಿತ್ತು. ಆಮೇಲೆ ಆರೋಗ್ಯ ಕೇಂದ್ರಗಳಿಗೆ ಬದಲಾಯಿಸಿದಾಗ 70ಕ್ಕಿಂತ ಕೆಳಗೆ ಇಳಿಯಿತು, 2014ರಲ್ಲಿ ಮತ್ತೆ ಶಾಲೆಗೆ ತಂದಾಗ ಏರಿತು. ಆದರೆ ಶಾಲೆಗೆ ಒಂದು ಕುರುಡು ಮೂಲೆ ಇದೆ, ಶಾಲೆಗೇ ಬಾರದ ಹುಡುಗಿಯರು ಅದಕ್ಕೆ ಕಾಣುವುದಿಲ್ಲ. 2011ರಲ್ಲಿ ರುವಾಂಡದವರು ಹಳ್ಳಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರನ್ನು ಬಿಟ್ಟು ಅಂಥವರನ್ನು ಹುಡುಕಿಸಿ ಹಾಕಿದರು. ನಿಮ್ಮ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬಿಟ್ಟ ಹೆಸರುಗಳಿರುತ್ತವಲ್ಲ, ನಡುವೆ ಶಾಲೆ ಬಿಟ್ಟವರು, ಅವರ ಪಟ್ಟಿಯನ್ನೂ ತಂಡಕ್ಕೆ ಕೊಡಿ. ಆ ದಿನ ಗೈರಾದವರಿಗೆ ಇನ್ನೊಂದು ದಿನಾಂಕ ಅವತ್ತೇ ಬರೆಸಿಕೊಳ್ಳಿ, "ಆಮೇಲೆ ನೋಡೋಣ" ಅಂದದ್ದು ಆಗುವುದಿಲ್ಲ.

ಕೊನೆಗೆ ನೀವು ಕೇಳದ ಒಂದು ವಿಷಯ. ವಯಸ್ಸು 42 ಅಂತ ಬರೆದಿದ್ದೀರಿ. ಈ ಲಸಿಕೆಯ ಹೆಚ್ಚಿನ ಲಾಭ ನಿಮ್ಮ ವಿದ್ಯಾರ್ಥಿನಿಯರಿಗೆ, ಆದರೆ ಗರ್ಭಕಂಠದ ಪರೀಕ್ಷೆ ನಿಮಗೆ ಬೇಕು. ಮೂವತ್ತು ದಾಟಿದ ಎಲ್ಲ ಹೆಂಗಸರಿಗೂ ಬೇಕು, ಏನೂ ತೊಂದರೆ ಇಲ್ಲದಿದ್ದರೂ ಬೇಕು. ಲಸಿಕೆ ಹಾಕಿಸಿಕೊಂಡ ಈ ಮಕ್ಕಳೂ ಮುಂದೆ ಮಾಡಿಸಿಕೊಳ್ಳಬೇಕು. ನಿಮ್ಮ ಸಭೆಗೆ ಬರುವ ತಾಯಂದಿರಲ್ಲಿ ಹೆಚ್ಚಿನವರು ಇದೇ ವಯಸ್ಸಿನವರು. ಮಗಳ ಫಾರಂ ತಗೊಳ್ಳುವಾಗ "ನಿಮ್ಮ ಟೆಸ್ಟ್ ಆಗಿದೆಯಾ?" ಅಂತ ಒಂದು ಮಾತು ಕೇಳಿ. ಅದಕ್ಕೂ ಮುಂಚೆ ನಿಮ್ಮದು ಮಾಡಿಸಿಕೊಂಡು ಬನ್ನಿ, ಯಾಕೆಂದರೆ ಅವರು ತಿರುಗಿ ನಿಮ್ಮನ್ನೂ ಕೇಳುತ್ತಾರೆ.